ಮಸೀದಿಯ ಹನ್ನೆರಡು ನಲ್ಲಿಗಳು

ನಲ್ಲಿಯಲ್ಲಿ ನೀರು ಸರಿಯಾಗಿ ಬರುವಾಗ ಅದನ್ನು ಕೂರಿಸಿದವನನ್ನು ಯಾರೂ ನೆನೆಯುವುದಿಲ್ಲ. ನಿಂತಾಗ ಮಾತ್ರ ಅವನ ಹೆಸರು, ಅವನ ಅಪ್ಪನ ಹೆಸರು, ಕೆಲವೊಮ್ಮೆ ಪಾಪ ಅವನ ತಾಯಿಯ ಹೆಸರೂ ಎಲ್ಲರ ಬಾಯಿಗೆ ಬರುತ್ತದೆ. ಮೂವತ್ತು ವರ್ಷ ತಿಪಟೂರಿನಲ್ಲಿದ್ದುಕೊಂಡು ಸುತ್ತಲ ಮೂರು ತಾಲ್ಲೂಕುಗಳಿಗೆ ಪೈಪು ಹಾಕಿದ ಮೇಲೆ ನಾನು ಖಚಿತವಾಗಿ ಹೇಳಬಲ್ಲ ಸಂಗತಿ ಇದೊಂದೇ. ಈಗ ಈ ಕೆಲಸಕ್ಕೆ ಬರುತ್ತಿರುವವರು ಯಾವ ಕಂಪನಿಯ ಪ್ಲಾಸ್ಟಿಕ್ ಪೈಪು ಒಳ್ಳೆಯದು, ಯಾವ ಅಂಟು ಬೇಗ ಹಿಡಿಯುತ್ತದೆ ಎಂದು ಕೇಳುತ್ತಾರೆ. ನನಗೆ ಗೊತ್ತಿಲ್ಲ. ನಮ್ಮ ಕಾಲದಲ್ಲಿ ಕಬ್ಬಿಣದ ಪೈಪನ್ನು ತೊಡೆಗಳ ನಡುವೆ ಹಿಡಿದು ತಿರುಪು ಕೊರೆಯಬೇಕಿತ್ತು. ಇವತ್ತಿನವರು ಅಂಟು ಬಳಿದು ಕಾಫಿ ಕುಡಿದು ಬರುವುದರಲ್ಲಿ ಕೀಲು ಗಟ್ಟಿಯಾಗಿರುತ್ತದೆ. ಹಾಗಾಗಿ ನಾನು ಅವರಿಗೆ ಹೇಳುವುದು ನಾನು ಕೆಡಿಸಿದ ಒಂದು ಕೆಲಸದ ವಿಷಯ ಮಾತ್ರ. ಸರಿಯಾಗಿ ಮಾಡಿದ ಕೆಲಸಗಳಿಂದ ನಾನು ಏನೂ ಕಲಿಯಲಿಲ್ಲ.

ನನ್ನ ಮೇಸ್ತ್ರಿ ತಿಮ್ಮಯ್ಯ. ಸೈಕಲ್ಲಿನಿಂದ ಇಳಿಯದೆ, ಒಂದು ಕಾಲು ನೆಲಕ್ಕೆ ಊರಿ, ಕೆಲಸ ಒಪ್ಪಿಕೊಳ್ಳುತ್ತಿದ್ದ. ಅವನು ಟೇಪು ಹಿಡಿದದ್ದನ್ನು ನಾನು ನೋಡಿಲ್ಲ. ಎಲ್ಲವೂ ಕಣ್ಣಳತೆ. ಅಳೆದದ್ದು ಒಂದು ಸಲವೂ ಸರಿಯಾಗಿರುತ್ತಿರಲಿಲ್ಲ. ಆದರೆ ಯಾವ ಕೆಲಸದಲ್ಲಿ ಬೈಗುಳ ಸಿಗುತ್ತದೆ, ಯಾವುದರಲ್ಲಿ ಊಟ ಸಿಗುತ್ತದೆ ಎಂಬ ಅವನ ಲೆಕ್ಕ ಒಂದು ನೂಲೂ ತಪ್ಪುತ್ತಿರಲಿಲ್ಲ. ಊಟದ ಕೆಲಸಕ್ಕೆ ತಾನು ಹೋಗುತ್ತಿದ್ದ, ಇನ್ನೊಂದಕ್ಕೆ ನನ್ನನ್ನು ಕಳಿಸುತ್ತಿದ್ದ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಹಾಗೆಯೇ ನನ್ನನ್ನು ಹುಳಿಯಾರಿನಿಂದಾಚೆಯ ಒಂದು ಸಂತೆ ಊರಿಗೆ ಕಳಿಸಿದ. ಊರಿನ ಹೆಸರು ಬೇಡ, ಅಲ್ಲಿ ಈಗಲೂ ನನ್ನ ಗುರುತಿನವರಿದ್ದಾರೆ.

‘ಮಸೀದಿ ಕೆಲ್ಸ ಕಣ್ಲಾ ರಂಗ. ಹನ್ನೆರಡು ನಲ್ಲಿ, ಒಂದು ಮೇಲಿನ ಟ್ಯಾಂಕು. ನಾಕ್ ದಿನದಾಗೆ ಮುಗಿಸ್ಕಂಡ್ ಬಂದ್ಬುಡು’ ಎಂದ.

ಆ ಮಸೀದಿಯ ಅಂಗಳದಲ್ಲಿ ಒಂದು ಕಲ್ಲಿನ ತೊಟ್ಟಿ ಇತ್ತು. ಅದನ್ನು ಅವರು ಹೌಜು ಎನ್ನುತ್ತಿದ್ದರು. ಪಕ್ಕದ ಬಾವಿಯಿಂದ ಮೋಟರಿನಲ್ಲಿ ನೀರು ತುಂಬಿಸುತ್ತಿದ್ದರು. ನಮಾಜಿಗೆ ಬಂದವರು ತೊಟ್ಟಿಯ ಅಂಚಿನಲ್ಲಿ ಸುತ್ತಲೂ ಕೂತು ಬೊಗಸೆಯಲ್ಲಿ ನೀರು ತೆಗೆದು ಕೈ, ಮುಖ, ಕಾಲು ತೊಳೆದು ಒಳಗೆ ಹೋಗುತ್ತಿದ್ದರು. ಆ ತೊಳೆಯುವುದಕ್ಕೆ ವಜೂ ಎಂದು ಹೆಸರು. ವಜೂ ಇಲ್ಲದೆ ನಮಾಜು ಇಲ್ಲ. ಇಷ್ಟು ನನಗೆ ಮೊದಲೇ ಗೊತ್ತಿತ್ತು. ಇಷ್ಟು ಗೊತ್ತಿದ್ದರೆ ಸಾಕೆಂದು ನಾನು ತಿಳಿದಿದ್ದೆ.

ಮಸೀದಿಯ ಆಡಳಿತ ನೋಡುವ ಮುತವಲ್ಲಿ ಗಫಾರ್ ಸಾಬರು ಕೊಬ್ಬರಿ ವ್ಯಾಪಾರಿ. ಅಗಲವಾದ ಮನುಷ್ಯ. ನೆಂಟರ ಮದುವೆಗೆ ಬೆಂಗಳೂರಿಗೆ ಹೋದಾಗ ಅಲ್ಲಿನ ಮಸೀದಿಯೊಂದರಲ್ಲಿ ಗೋಡೆಗೆ ಸಾಲಾಗಿ ನಲ್ಲಿ ಹಾಕಿದ್ದನ್ನು ನೋಡಿ ಬಂದಿದ್ದರು. ಬಂದಾಗಿನಿಂದ ಅದೇ ಜಪ.

‘ಅಲ್ಲಿ ತಿರುಗಿಸಿದ್ರೆ ಆಯ್ತು, ನೀರು ಬತ್ತದೆ ಕಣ್ರೀ. ನಾವಿನ್ನೂ ತೊಟ್ಟಿ ಸುತ್ತ ಕಪ್ಪೆಗಳ ಥರಾ ಕೂತ್ಕತೀವಿ’ ಎಂದು ನನಗೆ ಹೇಳಿದರು. ‘ನಲ್ಲಿ ಆದ್ಮೇಲೆ ಈ ಹೌಜು ಮುಚ್ಚಿಸ್ಬುಡ್ತೀನಿ. ಅಲ್ಲಿ ಮಕ್ಳಿಗೆ ಓದಿಸೋಕೆ ಒಂದು ರೂಮು ಎಬ್ಬಿಸಾಣ ಅಂತ.’

ನಾನು ಮೂರು ದಿನದಲ್ಲಿ ಕೆಲಸ ಮುಗಿಸಿದೆ. ಅದಕ್ಕೆ ಹಿಂದಿನ ತಿಂಗಳು ಒಂದು ಮದುವೆ ಛತ್ರಕ್ಕೆ ಕೈ ತೊಳೆಯುವ ನಲ್ಲಿ ಹಾಕಿದ್ದೆ. ಅದೇ ಎತ್ತರಕ್ಕೆ, ಸೊಂಟದ ಮಟ್ಟಕ್ಕೆ, ಹನ್ನೆರಡು ನಲ್ಲಿ ದಾರ ಹಿಡಿದಂತೆ ಸಾಲಾಗಿ ಕೂತವು. ನೋಡಲು ಬಹಳ ಚೆನ್ನಾಗಿತ್ತು. ಗಫಾರ್ ಸಾಬರು ಒಂದೊಂದನ್ನೂ ತಿರುಗಿಸಿ ನೋಡಿ ನನ್ನ ಬೆನ್ನು ತಟ್ಟಿದರು.

ಮಸೀದಿಯಲ್ಲಿ ಬಾಂಗು ಕೂಗುವವರು ಕಾಸೀಂ ಸಾಬರು. ಅರವತ್ತು ದಾಟಿದ ಸಣಕಲು ಮುದುಕರು. ಮೂರು ದಿನವೂ ಅವರು ನನ್ನ ಕೆಲಸವನ್ನು ಹೌಜಿನ ಅಂಚಿನಲ್ಲಿ ಕೂತು ನೋಡಿದ್ದರು. ಗಫಾರ್ ಸಾಬರು ಅತ್ತ ಹೋದ ಮೇಲೆ ಎದ್ದು ಬಂದರು.

‘ಬಲು ಚಂದಾಗದೆ. ಕಾಲು ಎಲ್ಲಿ ತೊಳೀಬೇಕು?’

‘ಇಲ್ಲೇ ತೊಳ್ಕಳಿ ಸಾಬ್ರೇ’ ಎಂದೆ.

‘ಹೆಂಗೆ? ಒಸಿ ತೋರ್ಸು.’

ನಾನು ಆಗ ಮೂವತ್ತರ ಒಳಗಿನವನು. ಇದೇನು ದೊಡ್ಡ ವಿಷಯ ಎಂದು ಪ್ಯಾಂಟು ಮಡಿಸಿ ಬಲಗಾಲನ್ನು ನಲ್ಲಿಯ ಎತ್ತರಕ್ಕೆ ಎತ್ತಿದೆ. ಎಡಗಾಲು ಒದ್ದೆ ನೆಲದಲ್ಲಿ ಜಾರಿತು. ಪ್ಯಾಂಟು ಹರಿಯಬಾರದ ಜಾಗದಲ್ಲಿ ಹರಿಯಿತು, ನಾನು ಚರಂಡಿಯಲ್ಲಿ ಕೂತಿದ್ದೆ. ಕಾಸೀಂ ಸಾಬರು ನಗಲಿಲ್ಲ. ಒಳಗಿನಿಂದ ಒಂದು ಲುಂಗಿ ತಂದುಕೊಟ್ಟರು.

‘ನೀನು ಪ್ರಾಯದೋನು, ಕೂತ್ಕಂಡೆ. ನಮ್ಮಂಥೋರು ಬಿದ್ರೆ ಮಲಗಿಸ್ಕಂಡೇ ಹೋಗ್ಬೇಕು’ ಎಂದರು.

ಲುಂಗಿ ಸುತ್ತಿಕೊಂಡ ನನ್ನನ್ನು ಹೌಜಿನ ಅಂಚಿನಲ್ಲಿ ಕೂರಿಸಿ, ಎದುರಿಗೆ ತಾವು ಕೂತು, ವಜೂ ಮಾಡಿಸಿದರು. ನೀನು ನಮಾಜು ಮಾಡಬೇಕಿಲ್ಲ, ಆದರೆ ಏನೇನು ತೊಳೀತಾರೆ ಅಂತ ಗೊತ್ತಿಲ್ಲದೆ ನಲ್ಲಿ ಹೆಂಗೆ ಹಾಕ್ತೀಯ ಎಂಬುದು ಅವರ ವಾದ. ಮೊದಲು ಮಣಿಕಟ್ಟಿನವರೆಗೆ ಕೈ, ಮೂರು ಸಲ. ಬಾಯಿ ಮುಕ್ಕಳಿಸುವುದು ಮೂರು ಸಲ. ಮೂಗಿಗೆ ನೀರು ಸೇದಿ ಸೀಟುವುದು. ಮುಖ, ಹಣೆಯಿಂದ ಗಲ್ಲದವರೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ. ಮೊದಲು ಬಲಗೈ, ಆಮೇಲೆ ಎಡಗೈ, ಮೊಣಕೈ ಸೇರಿ. ಒದ್ದೆ ಕೈಯಿಂದ ತಲೆ ಸವರುವುದು, ಕಿವಿಯ ಒಳಹೊರಗು. ಕೊನೆಗೆ ಕಾಲು, ಹರಡಿನವರೆಗೆ, ಬೆರಳುಗಳ ಸಂದಿಯಲ್ಲಿ ಕಿರುಬೆರಳು ಆಡಿಸಿ. ಮೂಗಿಗೆ ನೀರು ಸೇದುವಾಗ ನಾನು ಹೆಚ್ಚು ಸೇದಿ ಕೆಮ್ಮಿ ಕಣ್ಣೀರು ಸುರಿಸಿದೆ. ಅವರು ಸುಮ್ಮನೆ ಕಾಯ್ದರು.

ನನ್ನ ಕೈ ನೋಡಿ ಅವರು ಮುಖ ಸಿಂಡರಿಸಿದರು. ಪೈಪಿನ ಕೀಲಿಗೆ ಹಚ್ಚುವ ಬಿಳಿ ಸಫೇದಾ ನನ್ನ ಉಗುರುಗಳ ಸುತ್ತ ಒಣಗಿ ಅಂಟಿತ್ತು.

‘ಇದರ ಅಡೀಲಿ ನೀರು ಹೋಗಿಲ್ಲ. ಆಗಿಲ್ಲ ನಿಂದು’ ಎಂದು ಕರಟದ ಚೂರಿನಿಂದ ಕೆರೆಸಿದರು.

ಆ ಊರಿನಲ್ಲಿ ಅವರ ಕಣ್ಣು ತಪ್ಪಿಸಿ ಯಾರೂ ಒಳಗೆ ಹೋಗುವಂತಿರಲಿಲ್ಲ. ಬಣ್ಣ ಬಳಿಯುವವನ ಉಗುರು, ಕೊಬ್ಬರಿ ಕೊಯ್ಯುವವರ ಬೆರಳ ಸಂದಿಯ ಜಿಡ್ಡು, ತೆಂಗಿನ ನಾರಿನ ಕೆಲಸದವರ ಮೊಣಕೈಗೆ ಅಂಟಿದ ಧೂಳು, ಎಲ್ಲವನ್ನೂ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಆಮೇಲಿನ ವರ್ಷಗಳಲ್ಲಿ ಸರ್ಕಾರಿ ಕೆಲಸಗಳಲ್ಲಿ ನನ್ನನ್ನು ಹಲವು ಇಂಜಿನಿಯರುಗಳು ತಪಾಸಣೆ ಮಾಡಿದರು. ಅವರೆಲ್ಲ ಕಾಗದ ನೋಡಿದರು. ಉಗುರು ನೋಡಿದವರು ಕಾಸೀಂ ಸಾಬರೊಬ್ಬರೇ.

ಹನ್ನೆರಡು ನಲ್ಲಿಗಳನ್ನೂ ಬಿಚ್ಚಿದೆ. ಗೋಡೆಯ ಮುಂದೆ ಕೂರಲು ಕಲ್ಲಿನ ಕಟ್ಟೆ, ಕಟ್ಟೆಗೂ ಗೋಡೆಗೂ ನಡುವೆ ಚರಂಡಿ, ನಲ್ಲಿ ಮೊಣಕಾಲ ಎತ್ತರಕ್ಕೆ. ಪ್ರತಿ ಕಟ್ಟೆಯ ಮೇಲೂ ಕಾಸೀಂ ಸಾಬರು ಕೂತು ಕಾಲು ಚಾಚಿ, ಮುಂದಕ್ಕೆ, ಹಿಂದಕ್ಕೆ ಎಂದು ಹೇಳಿದ ಮೇಲೆಯೇ ನಾನು ಸಿಮೆಂಟು ಹಾಕಿದ್ದು. ನಾಲ್ಕು ದಿನದ ಕೆಲಸಕ್ಕೆ ಎರಡು ವಾರ ಹಿಡಿಯಿತು. ತಿಮ್ಮಯ್ಯ ಒಂದು ದಿನ ಸೈಕಲ್ಲಿನಲ್ಲಿ ಬಂದು, ಇಳಿಯದೆ ನೋಡಿ, ‘ಅಲ್ಲೇ ಮನೆ ಮಾಡ್ಕಂಬುಡ್ಲಾ’ ಎಂದು ಹೇಳಿ ಹೋದ.

ಗಫಾರ್ ಸಾಬರಿಗೆ ನಲ್ಲಿಯ ಮೇಲೆ ಇಷ್ಟು ಮೋಹ ಏಕೆ ಎಂದು ನಾನು ಒಮ್ಮೆ ಕೇಳಿದ್ದೆ. ಕಾಸೀಂ ಸಾಬರು ಸುತ್ತ ನೋಡಿ ದನಿ ಇಳಿಸಿದರು.

‘ಹೌಜಲ್ಲಿ ಎಲ್ರೂ ಎದುರುಬದುರು ಕೂರ್ತಾರೆ. ಯಾರು ಎಷ್ಟನೇ ಸಲ ಬಂದ್ರು ಅಂತ ಎಲ್ರಿಗೂ ಕಾಣ್ತದೆ.’

ನನಗೆ ಅರ್ಥವಾಗಲಿಲ್ಲ.

‘ಹೊಟ್ಟೇಲಿ ಗಾಳಿ ಬುಟ್ರೆ ವಜೂ ಹೋಯ್ತದೆ ಕಣಪ್ಪ. ಮತ್ತೆ ಮೊದಲಿಂದ ಮಾಡ್ಬೇಕು. ಗಫಾರ್‌ಗೆ ಅವರೆಕಾಳು ಅಂದ್ರೆ ಪ್ರಾಣ. ಸೀಸನ್ನಲ್ಲಿ ಒಂದು ನಮಾಜಿಗೆ ಮೂರು ಸಲ ಹೌಜಿಗೆ ಬತ್ತಾನೆ. ಎಲ್ರೂ ಎಣಿಸ್ತಾರೆ. ನಲ್ಲಿ ಆದ್ರೆ ಮುಖ ಗೋಡೆ ಕಡೆ. ಯಾರು ಬಂದ್ರು, ಯಾರು ಹೋದ್ರು, ಯಾರಿಗೆ ಗೊತ್ತಾಯ್ತದೆ?’

ಬೆಂಗಳೂರಿನ ನಾಗರಿಕತೆ ನಮ್ಮ ಕಡೆಗೆ ಯಾವ ದಾರಿಯಿಂದ ಬರುತ್ತದೆ ಎಂಬುದು ನನಗೆ ಅವತ್ತು ತಿಳಿಯಿತು.

ಹೌಜು ಇನ್ನೂ ಇದ್ದಾಗಲೇ, ನಲ್ಲಿಗಳನ್ನು ಪರೀಕ್ಷೆಗೆಂದು ಒಂದು ವಾರ ಬಿಟ್ಟೆವು. ಆಗ ದಸ್ತಗೀರ್ ಮೇಷ್ಟರ ಪರಿಚಯವಾಯಿತು. ಸರ್ಕಾರಿ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಬಿಳಿ ಜುಬ್ಬ, ಇಸ್ತ್ರಿ ಮಾಡಿದ ಟೋಪಿ, ಮೆಲುದನಿ. ಅವರಿಗೆ ಒಂದೇ ಒಂದು ತೊಂದರೆ. ತೊಳೆದ ಮೊಣಕೈ ನಿಜವಾಗಿಯೂ ನೆನೆಯಿತೇ ಎಂಬ ಅನುಮಾನ. ಎದ್ದು ನಾಲ್ಕು ಹೆಜ್ಜೆ ಹೋಗುವರು, ನಿಲ್ಲುವರು, ಮೊಣಕೈ ನೋಡಿಕೊಳ್ಳುವರು, ವಾಪಸು ಬಂದು ಮೊದಲಿಂದ ಶುರು ಮಾಡುವರು. ಅಷ್ಟರಲ್ಲಿ ಎರಡನೆಯ ಸಲ ತೊಳೆದೆನೋ ಮೂರನೆಯದೋ ಎಂಬ ಇನ್ನೊಂದು ಅನುಮಾನ. ಜೀವನವಿಡೀ ಮಕ್ಕಳಿಗೆ ಎಣಿಸಲು ಕಲಿಸಿದ ಮನುಷ್ಯನಿಗೆ ತನ್ನ ಮೂರನ್ನು ಎಣಿಸಲು ಆಗುತ್ತಿರಲಿಲ್ಲ.

ಹೌಜಿನಲ್ಲಿ ಇದರಿಂದ ಯಾರಿಗೂ ನಷ್ಟವಿರಲಿಲ್ಲ. ತೊಟ್ಟಿಯ ನೀರು ತೊಟ್ಟಿಯಲ್ಲೇ ಇರುತ್ತಿತ್ತು. ನಲ್ಲಿಯಲ್ಲಿ ಹಾಗಲ್ಲ. ಅವರು ಅನುಮಾನ ಪಡುವಷ್ಟು ಹೊತ್ತೂ ನೀರು ಚರಂಡಿಗೆ ಹೋಗುತ್ತಿತ್ತು. ನಾನು ನನ್ನ ಬುದ್ಧಿ ಓಡಿಸಿ ಅವರು ಕೂರುವ ಮೂಲೆಗೆ ರೈಲ್ವೆ ಸ್ಟೇಷನ್ನಿನಲ್ಲಿ ಇರುವಂಥ, ಒತ್ತಿದರೆ ಬರುವ, ಬಿಟ್ಟರೆ ನಿಲ್ಲುವ ನಲ್ಲಿ ಹಾಕಿದೆ. ಮಾರನೆಯ ದಿನ ಮೇಷ್ಟರು ಅದಕ್ಕೆ ಒಂದು ಕಡ್ಡಿ ಸಿಕ್ಕಿಸಿ ಆರಾಮವಾಗಿ ಕೂತಿದ್ದರು.

‘ಇದಕ್ಕೇ ಅಂತ ಒಬ್ಬ ಸೈತಾನ ಅವ್ನೆ’ ಎಂದರು ಕಾಸೀಂ ಸಾಬರು. ‘ವಜೂ ಮಾಡೋರ ತಲೇಲಿ ಕೂತು ಆಗಿಲ್ಲ, ಆಗಿಲ್ಲ ಅಂತಿರ್ತಾನೆ. ಅವನಿಗೆ ಬೇರೆ ಕೆಲ್ಸ ಇಲ್ಲ. ಮೇಷ್ಟ್ರು ಒಳ್ಳೆ ಮನುಷ್ಯ, ಅದಕ್ಕೇ ಅವ್ರ ತಲೇಲಿ ಜಾಗ ಸಿಕ್ಕಿದೆ.’

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಕೊನೆಯ ದಿನ ಬಾವಿಯಿಂದ ಮೋಟರಿಗೆ ನೀರೆಳೆಯುವ ಪೈಪನ್ನು ಬದಲಾಯಿಸಬೇಕಿತ್ತು. ಆಗ ನಾವು ಕೀಲುಗಳಿಗೆ ಸೆಣಬಿನ ಎಳೆ ಸುತ್ತಿ, ಮೇಲೆ ಸಫೇದಾ ಬಳಿದು ಬಿಗಿಯುತ್ತಿದ್ದೆವು. ಒಂದು ಕೀಲು ಉಳಿದಿರುವಾಗ ಸೆಣಬು ಮುಗಿಯಿತು. ಹುಳಿಯಾರಿಗೆ ಹೋಗಿ ತರಬೇಕು, ಬಸ್ಸು ಹೋಗಿಯಾಗಿತ್ತು. ಸುತ್ತ ಕಣ್ಣು ಹಾಯಿಸಿದರೆ ರಾಶಿ ರಾಶಿ ತೆಂಗಿನ ನಾರು. ತೆಂಗಿನ ಸೀಮೆಯಲ್ಲಿ ಹುಟ್ಟಿ ನಾರಿಗೆ ಪರದಾಡುವುದೇ ಎನಿಸಿತು. ಮೆತ್ತಗಿನ ನಾರು ಆರಿಸಿ, ಸುತ್ತಿ, ಸಫೇದಾವನ್ನು ಎರಡರಷ್ಟು ಬಳಿದು ಬಿಗಿದೆ. ನೀರು ಬಂತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಒಂದು ಬೀಡಿ ಹಚ್ಚಿದೆ.

ಸೆಣಬು ನೀರು ಕುಡಿದು ಉಬ್ಬಿ ಸಂದು ಮುಚ್ಚುತ್ತದೆ. ತೆಂಗಿನ ನಾರು ಹಾಗೆ ಉಬ್ಬುವುದಿಲ್ಲ. ಮೇಲಿನ ಸಫೇದಾ ಬಿರುಕು ಬಿಟ್ಟರೆ ಕೀಲು ಗಾಳಿ ಎಳೆಯುತ್ತದೆ. ಗಾಳಿ ಎಳೆದ ಮೋಟರು ತಿರುಗುತ್ತಲೇ ಇರುತ್ತದೆ, ಸದ್ದೂ ಮಾಡುತ್ತದೆ, ನೀರು ಮಾತ್ರ ಮೇಲಕ್ಕೆ ಬರುವುದಿಲ್ಲ. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ.

ಮುಂದಿನ ಶುಕ್ರವಾರ ನಲ್ಲಿಗಳ ಉದ್ಘಾಟನೆ. ಕಾಸೀಂ ಸಾಬರು ಬೇಡವೆಂದರೂ ಗಫಾರ್ ಸಾಬರು ಗುರುವಾರವೇ ಹೌಜಿಗೆ ಕಲ್ಲುಮಣ್ಣು ತುಂಬಿಸಿಬಿಟ್ಟಿದ್ದರು. ಆ ಊರಿನಲ್ಲಿ ಸಂತೆಯೂ ಶುಕ್ರವಾರವೇ. ಮಧ್ಯಾಹ್ನದ ದೊಡ್ಡ ನಮಾಜಿಗೆ, ಅದೇ ಜುಮ್ಮಾಕ್ಕೆ, ಸುತ್ತಲ ಹಳ್ಳಿಗಳವರೂ ಸೇರಿ ಅಂಗಳ ತುಂಬಿತ್ತು. ಗಫಾರ್ ಸಾಬರು ಹೊಸ ಶೇರ್ವಾನಿ ಹಾಕಿ ಮೊದಲ ನಲ್ಲಿ ತಿರುಗಿಸಿದರು. ಹನ್ನೆರಡು ಜನ ಕೂತರು, ಎದ್ದರು, ಮತ್ತೆ ಹನ್ನೆರಡು ಜನ ಕೂತರು. ಮೂರನೆಯ ಸಾಲಿನವರು ಮೊಣಕೈಗೆ ಬಂದಿದ್ದಾಗ ಹನ್ನೆರಡು ನಲ್ಲಿಗಳೂ ಒಟ್ಟಿಗೆ ಗೊರಗೊರ ಎಂದು ನಿಂತವು.

ನಾನು ಟ್ಯಾಂಕಿನ ಮೇಲೆ ಹತ್ತಿ ನೋಡಿದೆ. ತಳ ಕಾಣುತ್ತಿತ್ತು. ಕಾಸೀಂ ಸಾಬರು ಬೆಳಗ್ಗೆಯೇ ಮೋಟರು ಹಾಕಿದ್ದರು, ಅದು ಗುಂಯ್ ಎನ್ನುತ್ತಲೇ ಇತ್ತು. ನೀರು ತುಂಬುತ್ತಿದೆಯೆಂದೇ ಎಲ್ಲರೂ ತಿಳಿದಿದ್ದರು.

ಕೆಳಗೆ ಗದ್ದಲ ಶುರುವಾಯಿತು. ಅರ್ಧ ತೊಳೆದವರು ಕೈ ಮೇಲೆತ್ತಿಕೊಂಡು ನಿಂತಿದ್ದರು. ಬಾವಿಯಿಂದ ಸೇದೋಣವೆಂದರೆ, ಮೋಟರು ಬಂದ ಮೇಲೆ ರಾಟೆಯನ್ನೂ ಹಗ್ಗವನ್ನೂ ತೆಗೆದುಹಾಕಿದ್ದರು. ನೀರಿಲ್ಲದಿದ್ದರೆ ಮಣ್ಣಿನಿಂದ ಮಾಡಬಹುದಲ್ಲ ಎಂದು ಒಬ್ಬರು ಹೇಳಿದರು. ಹಾಗೊಂದು ಕ್ರಮವಿದೆ, ಶುದ್ಧವಾದ ಮಣ್ಣಿಗೆ ಕೈ ತಾಗಿಸಿ ಮುಖ, ಕೈ ಸವರಿಕೊಳ್ಳುವುದು. ಕಾಸೀಂ ಸಾಬರು ತಲೆಯಾಡಿಸಿದರು. ಹತ್ತಿರದಲ್ಲಿ ಎಲ್ಲಿಯೂ ನೀರಿಲ್ಲದಿದ್ದರೆ ಮಾತ್ರ ಅದು. ಗಫಾರ್ ಸಾಬರ ಕಣ್ಣು ಆಗ ಸಂತೆಗೆ ಬಂದು ಬೇಲಿ ಪಕ್ಕ ನಿಂತಿದ್ದ ಎಳನೀರಿನ ಗಾಡಿಗಳ ಮೇಲೆ ಬಿತ್ತು.

‘ಎರಡು ಗಾಡಿ ಎಳನೀರು ಅದಾವಲ್ಲ. ಕೊಚ್ಚಿಸ್ಬುಡಾಣ. ಅದಕ್ಕಿಂತ ಶುದ್ಧ ನೀರು ಯಾವುದಿದೆ?’

ಎರಡು ಗಾಡಿ ಎಳನೀರಿನಲ್ಲಿ ಊರಿನವರೆಲ್ಲ ಕಾಲು ತೊಳೆಯುವ ಚಿತ್ರ ನನ್ನ ಕಣ್ಣ ಮುಂದೆ ಬಂತು. ಗಾಡಿಯವನಂತೂ ಆಗಲೇ ಮಚ್ಚು ಕೈಗೆತ್ತಿಕೊಂಡಿದ್ದ.

‘ಅದು ಎಳನೀರು ಗಫಾರ್, ನೀರಲ್ಲ. ಕಾಯಿ ರಸ’ ಎಂದರು ಕಾಸೀಂ ಸಾಬರು. ‘ಕುಡಿ ಬೇಕಾದ್ರೆ. ವಜೂ ಆಗಲ್ಲ.’

ಕೊನೆಗೆ ದಾರಿ ತೋರಿದ್ದು ಪಕ್ಕದ ತೆಂಗಿನ ತೋಟದ ಕೆಂಚಪ್ಪನವರು. ಬೇಲಿಯ ಆಚೆ ನಿಂತು ಅವರು ಎಲ್ಲವನ್ನೂ ನೋಡುತ್ತಿದ್ದರು. ಹೌಜಿನಿಂದ ಹೊರಗೆ ಹರಿದ ನೀರು ಮೊದಲಿನಿಂದಲೂ ಅವರ ನಾಲ್ಕು ಮರಗಳಿಗೆ ಹೋಗುತ್ತಿತ್ತು. ಗಫಾರ್ ಸಾಬರು ಹೊಸ ಚರಂಡಿಯನ್ನು ರಸ್ತೆಗೆ ಬಿಡಿಸಿದ್ದರಿಂದ ಅದು ತಪ್ಪಿತ್ತು.

‘ನಮ್ ಮರಕ್ಕೆ ಬರೋ ನೀರು ನಿಲ್ಲಿಸಿದ್ರಿ. ಈಗ ನಿಮ್ಗೂ ಇಲ್ದಂಗಾಯ್ತು ನೋಡಿ’ ಎಂದರು. ಅಷ್ಟು ಹೇಳಿ ತೃಪ್ತಿಯಾದ ಮೇಲೆ, ‘ಬನ್ನಿ, ಮೋಟ್ರು ಹಾಕಿವ್ನಿ. ಕಾಲ್ವೇಲಿ ತೊಳ್ಕಳಿ. ಸೌತೆ ಪಾತಿ ಮಾತ್ರ ತುಳೀಬ್ಯಾಡಿ’ ಎಂದರು.

ಊರಿನವರೆಲ್ಲ ಬೇಲಿ ದಾಟಿ ತೆಂಗಿನ ಮರಗಳ ನಡುವಿನ ಕಾಲುವೆಯ ಎರಡೂ ಬದಿ ಸಾಲಾಗಿ ಕೂತರು. ಗಫಾರ್ ಸಾಬರು ಹೊಸ ಶೇರ್ವಾನಿ ಎತ್ತಿಕಟ್ಟಿ ಕೆಸರಿನಲ್ಲಿ ಕೂತರು. ನಮಾಜು ತಡವಾಗಿ ನಡೆಯಿತು, ಆದರೆ ನಡೆಯಿತು.

ನಾನು ಅಷ್ಟರಲ್ಲಿ ಬಾವಿಗೆ ಇಳಿದಿದ್ದೆ. ಆ ಕೀಲಿಗೆ ಅಂಗೈ ಇಟ್ಟೆ. ಅದು ನನ್ನ ಚರ್ಮವನ್ನು ಒಳಕ್ಕೆ ಎಳೆಯುತ್ತಿತ್ತು. ತಪ್ಪು ಎಲ್ಲಿದೆ ಎಂದು ಹುಡುಕುವ ಕಷ್ಟವನ್ನೂ ಅದು ಕೊಡಲಿಲ್ಲ. ಬಟ್ಟೆ ಸುತ್ತಿ, ಮೇಣ ಮೆತ್ತಿ, ಮೋಟರಿಗೆ ನೀರು ಹುಯ್ದು ಹೇಗೋ ನೀರು ಬರುವಂತೆ ಮಾಡಿ ಮೇಲೆ ಬಂದೆ. ನಿಜ ಹೇಳಲು ಬಾಯಿ ತೆರೆಯುವ ಮೊದಲೇ ಅಂಗಳದಲ್ಲಿ ತೀರ್ಪಾಗಿತ್ತು.

ದಸ್ತಗೀರ್ ಮೇಷ್ಟರು ಅವತ್ತು ಎಲ್ಲರಿಗಿಂತ ಒಂದು ಗಂಟೆ ಮೊದಲು ಬಂದು, ಕಡ್ಡಿ ಸಿಕ್ಕಿಸಿ, ವಜೂಗೆ ಕೂತಿದ್ದರಂತೆ. ಅದನ್ನು ಹತ್ತು ಜನ ನೋಡಿದ್ದರು.

‘ಊರಿಗಿಟ್ಟ ಟ್ಯಾಂಕನ್ನ ಒಬ್ಬರೇ ಖಾಲಿ ಮಾಡಿದ್ರಲ್ಲ ಮೇಷ್ಟ್ರೇ. ಎಷ್ಟು ತೊಳದ್ರೂ ಹೋಗದಂಥದ್ದು ಏನು ಅಂಟಿದೆ ನಿಮ್ಗೆ’ ಎಂದರು ಗಫಾರ್ ಸಾಬರು. ಶೇರ್ವಾನಿಯ ಕೆಸರು ಅವರಿಂದ ಹಾಗೆ ಮಾತಾಡಿಸಿತು. ಕೆಲವರು ನಕ್ಕರು. ಮೇಷ್ಟರು ಯಾರನ್ನೂ ನೋಡದೆ, ‘ಹೌದೇನೋ, ನನ್ನಿಂದ್ಲೇ ಇರ್ಬೇಕು’ ಎಂದು ಮೆಲ್ಲಗೆ ಹೇಳಿ, ಚಪ್ಪಲಿ ಮೆಟ್ಟಿ ಹೊರಟರು.

ನಾನು ಬಾಯಿ ಮುಚ್ಚಿಕೊಂಡೆ. ತಿಪಟೂರಿಗೆ ಬಂದು ತಿಮ್ಮಯ್ಯನಿಗೆ ಹೇಳಿದಾಗ ಅವನು ಸೈಕಲ್ಲಿನ ಮೇಲೇ ಕೂತು ಯೋಚಿಸಿದ.

‘ತಪ್ಪು ಒಪ್ಕಂಡ ಪ್ಲಂಬರ್‌ಗೆ ಯಾರೂ ಕೆಲ್ಸ ಕೊಡಕ್ಕಿಲ್ಲ ಕಣ್ಲಾ. ಪೈಪಿನ ಮೇಲೆ ಹಾಕು. ಪೈಪು ವಾಪಸ್ ಮಾತಾಡಲ್ಲ. ನಿಂಗೆ ಮನುಷ್ಯನೇ ಸಿಕ್ಕವ್ನೆ, ಅದೂ ಒಪ್ಕಂಡವ್ನೆ. ಇನ್ನೇನ್ ಬೇಕು?’

ನೀವು ಈ ಕೆಲಸಕ್ಕೆ ಬಂದರೆ ಇಂಥ ಬುದ್ಧಿ ಹೇಳುವವರು ನಿಮಗೂ ಸಿಗುತ್ತಾರೆ. ಅವರು ಹೇಳುವುದು ಎಷ್ಟು ಹಿತವಾಗಿರುತ್ತದೆ ಎಂದರೆ, ನಾನು ಮೂರು ವಾರ ಚೆನ್ನಾಗಿಯೇ ನಿದ್ದೆ ಮಾಡಿದೆ.

ಮೂರು ವಾರವಾದ ಮೇಲೆ, ಬಟ್ಟೆ ಸುತ್ತಿದ ಕೀಲು ಎಷ್ಟು ದಿನ ನಿಂತೀತು ಎಂದು ಹೆದರಿ, ಸೆಣಬು ಹಿಡಿದು ಹೋದೆ. ಸುಮ್ಮನೆ ಒಮ್ಮೆ ನೋಡಿಹೋಗಲು ಬಂದೆ ಎಂದು ಹೇಳಿ ಬಾವಿಗೆ ಇಳಿದೆ. ಹಳೆಯ ನಾರನ್ನು ಕಿತ್ತು ಮೇಲಕ್ಕೆ ಎಸೆದು, ಹೊಸದಾಗಿ ಸುತ್ತಿ ಬಿಗಿದು ಹತ್ತಿ ಬಂದಾಗ ಬಾವಿಯ ಕಟ್ಟೆಯ ಮೇಲೆ ಕಾಸೀಂ ಸಾಬರು ಕೂತಿದ್ದರು. ಆ ನಾರಿನ ಸಿಂಬಿ ಅವರ ಕೈಯಲ್ಲಿತ್ತು. ಬೆರಳಲ್ಲಿ ಹೊಸೆದು ನೋಡುತ್ತಿದ್ದರು.

‘ಇದು ನಮ್ಮ ಕಡೆ ನಾರಲ್ವಾ’ ಎಂದರು.

ನಾನು ಹೌದೆಂದೆ.

ಅವರು ನಾರನ್ನು ಪಕ್ಕಕ್ಕಿಟ್ಟು, ‘ಮೇಷ್ಟ್ರು ಅವತ್ತಿಂದ ಮಸೀದಿಗೆ ಬಂದಿಲ್ಲ. ಮೂರು ಶುಕ್ರವಾರ ಆಯ್ತು’ ಎಂದು ಹೇಳಿ, ಮೇಷ್ಟರ ಮನೆ ಯಾವ ಬೀದಿಯಲ್ಲಿದೆ, ಎಷ್ಟನೆಯ ಬಾಗಿಲು ಎಂದೂ ನಾನು ಕೇಳದೆಯೇ ಹೇಳಿದರು.

ಬಾಗಿಲು ತೆಗೆದವರು ಮೇಷ್ಟರ ಹೆಂಡತಿ. ಹಿತ್ತಲಿನಲ್ಲಿ ನೀರಿನ ಸದ್ದು ಕೇಳುತ್ತಿತ್ತು.

‘ಬೆಳಗಿನ ನಮಾಜಿಗೆ ಅಂತ ಕೂತೋರು ಇನ್ನೂ ಎದ್ದಿಲ್ಲ ಕಣಪ್ಪ. ಕೊಡ ಹೊತ್ತೂ ಹೊತ್ತೂ ನನ್ ಸೊಂಟ ಹೋಯ್ತು. ನೀನಾದ್ರೂ ಒಂದ್ ಮಾತು ಹೇಳು’ ಎಂದರು. ಆಗ ಹನ್ನೊಂದು ಗಂಟೆ ಇರಬೇಕು.

ಹಿತ್ತಲಿನ ಕಲ್ಲಿನ ಮೇಲೆ ಮೇಷ್ಟರು ಕೂತಿದ್ದರು. ಕೈಗಳು ಬೆಳ್ಳಗೆ ಮುರುಟಿ, ಗೆಣ್ಣುಗಳಲ್ಲಿ ಬಿರುಕು ಬಿಟ್ಟು, ಒಂದೆರಡು ಕಡೆ ರಕ್ತ ಕಾಣುತ್ತಿತ್ತು. ನನ್ನನ್ನು ನೋಡಿ ಸಂಕೋಚದಿಂದ ಕೈಗಳನ್ನು ಜುಬ್ಬದೊಳಗೆ ಎಳೆದುಕೊಂಡರು.

‘ಅಷ್ಟು ಜನರ ಜುಮ್ಮಾ ಕೆಡಿಸಿದೆನಲ್ಲಪ್ಪ. ಎಷ್ಟು ತೊಳೆದ್ರೂ ಆಗಿಲ್ಲ ಅನಿಸ್ತದೆ’ ಎಂದರು.

ಅಲ್ಲಿಯವರೆಗೆ ನನ್ನ ಮಟ್ಟಿಗೆ ಅದು ಒಂದು ಕೀಲಿನ ವಿಷಯವಾಗಿತ್ತು. ಆ ಕೈಗಳನ್ನು ನೋಡಿದ ಮೇಲೆ ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಸೆಣಬು ಮುಗಿದದ್ದು, ನಾರು ಸುತ್ತಿದ್ದು, ಬಸ್ಸು ತಪ್ಪಿದ್ದು, ಬೀಡಿ ಹಚ್ಚಿದ್ದನ್ನೂ ಬಿಡಲಿಲ್ಲ. ಅವರೊಬ್ಬರು ಎಷ್ಟು ನೀರು ಬಿಟ್ಟರೂ ಟ್ಯಾಂಕು ಖಾಲಿಯಾಗುತ್ತಿರಲಿಲ್ಲ, ಮೋಟರು ನೀರು ಎತ್ತಿದ್ದರೆ ಎಂದೆ.

ಮೇಷ್ಟರು ಲೆಕ್ಕದ ಮೇಷ್ಟರಂತೆಯೇ ಕೇಳಿಸಿಕೊಂಡರು.

‘ಖಾತ್ರಿನಾ?’

‘ಖಾತ್ರಿ ಮೇಷ್ಟ್ರೇ.’

‘ಕೀಲು ಗಾಳಿ ಎಳೀತಿತ್ತು ಅನ್ನೋದನ್ನ ನೀನು ಕಣ್ಣಾರೆ ನೋಡಿದ್ಯಾ?’

‘ಕೈ ಇಟ್ಟು ನೋಡಿದ್ದೀನಿ.’

‘ಬೇರೆ ಕೀಲು ಆಗಿರಬೌದಲ್ವಾ?’

‘ಬೇರೆ ಎಲ್ಲಾ ಸೆಣಬು ಹಾಕಿದ್ದೆ.’

ಅವರು ತಲೆಯಾಡಿಸಿದರು. ‘ನಂಗೊಬ್ಬನಿಗೆ ಹೇಳಿದ್ರೆ ಪ್ರಯೋಜನ ಇಲ್ಲಪ್ಪ. ಈಗ ನಂಬ್ತೀನಿ. ಸಾಯಂಕಾಲಕ್ಕೆ ಅನುಮಾನ ಬತ್ತದೆ, ಈ ಹುಡ್ಗ ನನ್ನ ನೋಡಿ ಕನಿಕರಕ್ಕೆ ಹೇಳಿದ್ನೋ ಏನೋ ಅಂತ. ನನ್ನ ತಲೆ ನಂಗೆ ಗೊತ್ತು. ಎಲ್ಲರ ಮುಂದೆ ಹೇಳು. ಅಷ್ಟು ಜನ ಕೇಳಿಸಿಕೊಂಡಿದ್ರೆ ನಾನು ಅನುಮಾನ ಪಡೋಕೆ ಆಗಲ್ಲ.’

ಮಾರನೆಯ ದಿನವೇ ಶುಕ್ರವಾರ. ನಾನು ತಿಪಟೂರಿಗೆ ವಾಪಸು ಹೋಗಲಿಲ್ಲ. ಹೋಗಿದ್ದರೆ ತಿಮ್ಮಯ್ಯ ಮತ್ತೆ ಬುದ್ಧಿ ಹೇಳುತ್ತಿದ್ದ, ನಾನು ಮತ್ತೆ ಕೇಳುತ್ತಿದ್ದೆ.

ಮಧ್ಯಾಹ್ನ ಅಂಗಳ ತುಂಬಿತು. ಮೇಷ್ಟರು ಬಾಗಿಲಿನ ಹತ್ತಿರ ಚಪ್ಪಲಿಗಳ ಪಕ್ಕದಲ್ಲಿ ನಿಂತಿದ್ದರು. ಕಾಸೀಂ ಸಾಬರು ನನ್ನ ತೋಳು ಹಿಡಿದು, ಮಣ್ಣು ತುಂಬಿದ ಹೌಜಿನ ಮೇಲೆ ನಿಲ್ಲಿಸಿದರು. ಅಷ್ಟು ಜನರ ಮುಂದೆ ನಾನು ಯಾವತ್ತೂ ಮಾತಾಡಿದವನಲ್ಲ.

‘ಅವತ್ತು ನೀರು ನಿಂತಿದ್ದು ಮೇಷ್ಟ್ರಿಂದ ಅಲ್ಲ. ಪೈಪಿನ ಕೀಲಿಗೆ ಹಾಕಬಾರದ್ದು ಹಾಕಿದ್ದೆ. ಗೊತ್ತಿದ್ದೂ ಹಾಕಿದ್ದೆ. ಗೊತ್ತಾದ ಮೇಲೂ ಹೇಳಲಿಲ್ಲ’ ಎಂದೆ. ಇಷ್ಟು ಹೇಳುವುದಕ್ಕೆ ನಾನು ರಾತ್ರಿಯೆಲ್ಲ ಎಷ್ಟೋ ದೊಡ್ಡ ಭಾಷಣ ಕಟ್ಟಿದ್ದೆ.

ಎಲ್ಲರೂ ಗಫಾರ್ ಸಾಬರ ಕಡೆ ನೋಡಿದರು. ಅವರ ಮುಖ ಕೆಂಪಾಯಿತು. ನನ್ನ ಕಡೆ ಒಂದು ಹೆಜ್ಜೆ ಇಟ್ಟರು, ಬೆನ್ನು ತಟ್ಟಿದ ಕೈಯಲ್ಲೇ ಬಾರಿಸುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಬಾಗಿಲ ಹತ್ತಿರದಿಂದ ಮೇಷ್ಟರ ದನಿ ಬಂತು.

‘ಒಂದು ಗಂಟೆ ನಲ್ಲಿ ಬಿಟ್ಕಂಡು ಕೂತಿದ್ದು ಸುಳ್ಳಲ್ಲ. ಅರ್ಧ ತಪ್ಪು ನನ್ನ ಹೆಸರಿಗೆ ಇರಲಿ.’

ಗಫಾರ್ ಸಾಬರು ನಿಂತರು. ನನ್ನ ಕಾಲ ಕೆಳಗಿನ ಮಣ್ಣು ನೋಡಿದರು.

‘ಹೌಜು ಇದ್ದಿದ್ರೆ ಏನೂ ಆಗ್ತಿರಲಿಲ್ಲ. ಕಾಸೀಂ ಬ್ಯಾಡ ಅಂದಿದ್ರು. ಮುಚ್ಚಿಸಿದೋನು ನಾನು’ ಎಂದರು. ಆಮೇಲೆ, ಹೇಳಲು ಬಹಳ ಕಷ್ಟಪಟ್ಟು, ‘ಮೇಷ್ಟ್ರೇ, ಆ ಮಾತು ಆಡಬಾರದಿತ್ತು ನಾನು’ ಎಂದರು.

‘ಎಲ್ರೂ ಹಂಚ್ಕಂಡಿದ್ದು ಆಯ್ತಲ್ಲ. ಹೊತ್ತಾಯ್ತು, ನಡೀರಿ’ ಎಂದರು ಕಾಸೀಂ ಸಾಬರು.

ಆಮೇಲಿನ ವಾರ ಊರಿನವರೇ ಹಾರೆ, ಗುದ್ದಲಿ ಹಿಡಿದು ಹೌಜಿನ ಮಣ್ಣು ತೆಗೆದರು. ಚರಂಡಿಯನ್ನು ನಾನು ಮತ್ತೆ ಕೆಂಚಪ್ಪನವರ ಮರಗಳ ಕಡೆಗೆ ತಿರುಗಿಸಿಕೊಟ್ಟೆ. ಮೇಷ್ಟರ ಕಾಯಿಲೆ ವಾಸಿಯಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವರು ಹೌಜಿನ ಒಂದು ಮೂಲೆ ಹಿಡಿದು ಮೊದಲಿನಂತೆಯೇ ಎದ್ದು ಕೂತು ಮಾಡುತ್ತಿದ್ದರು. ಆದರೆ ಬರುತ್ತಿದ್ದರು. ನಾನು ಕೆಲಸ ಕಳೆದುಕೊಳ್ಳಲಿಲ್ಲ. ತಿಮ್ಮಯ್ಯನ ಲೆಕ್ಕ ತಪ್ಪಿತ್ತು. ಆ ಕಡೆ ಯಾರ ಮನೆಯಲ್ಲಿ ನಲ್ಲಿ ಕೆಟ್ಟರೂ ‘ಆ ನಾರಿನ ರಂಗಪ್ಪನ್ನ ಕರೀರಿ’ ಎನ್ನುತ್ತಿದ್ದರು. ಆ ಹೆಸರು ಹೋಗಲಿಲ್ಲ.

ನಾನು ತಪ್ಪು ಒಪ್ಪಿಕೊಂಡ ಆ ಶುಕ್ರವಾರದ ಒಂದು ವಿಷಯ ಉಳಿದಿದೆ. ಎಲ್ಲರೂ ತೊಳೆದುಕೊಂಡು ಒಳಗೆ ಹೋದ ಮೇಲೆ ಅಂಗಳದಲ್ಲಿ ನಾನೊಬ್ಬನೇ ಉಳಿದೆ. ಒಳಗೆ ಸಾಲಾಗಿ ನಿಂತವರ ಬೆನ್ನು ಕಾಣುತ್ತಿತ್ತು. ಓದುವ ದನಿ ನಿಂತಾಗಲೆಲ್ಲ ಪೂರ್ತಿ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಹನ್ನೆರಡರಲ್ಲಿ ಒಂದು ನಲ್ಲಿ ಟಪ್ ಟಪ್ ಎಂದು ತೊಟ್ಟಿಕ್ಕುತ್ತಿರುವುದು ಕೇಳಿಸಿತು. ಚರಂಡಿಯ ಕಲ್ಲಿನ ಮೇಲೆ ಬಿದ್ದ ಒಂದೊಂದು ಹನಿಯೂ ಒಳಗಿನವರೆಗೆ ಕೇಳುತ್ತದೆ ಎನಿಸಿತು. ಪಾನಾ ಹಾಕಿ ಬಿಗಿಯೋಣವೆಂದರೆ ಕಬ್ಬಿಣದ ಸದ್ದು ಇನ್ನೂ ದೊಡ್ಡದು. ಮೆಲ್ಲಗೆ ಹೋಗಿ ಕಟ್ಟೆಯ ಮೇಲೆ ಕೂತು ಆ ನಲ್ಲಿಯ ಕೆಳಗೆ ಬೊಗಸೆ ಒಡ್ಡಿದೆ. ಹನಿಗಳು ಸದ್ದಿಲ್ಲದೆ ಕೈಗೆ ಬಿದ್ದವು. ಬೊಗಸೆ ತುಂಬಿತು. ಚೆಲ್ಲಿದರೆ ಸದ್ದಾಗುತ್ತದೆ. ಏನು ಮಾಡಬೇಕೆಂದು ತಿಳಿಯದೆ ಮುಖಕ್ಕೆ ಹಾಕಿಕೊಂಡೆ, ಮತ್ತೆ ಒಡ್ಡಿದೆ.